ಕಾರ್ಟನ್ ಕಟ್ಟಿದ ದಿನಗಳು

ಶಾರ್ಜಾದಲ್ಲಿರುವ ನನ್ನ ತಂಗಿಯ ಮಗ ಮೊನ್ನೆ ರಾತ್ರಿ ವಿಡಿಯೊ ಕರೆ ಮಾಡಿ ತನ್ನ ಫ್ಲ್ಯಾಟಿನ ಒಂದೊಂದೇ ಕೋಣೆ ತೋರಿಸಿದ. ಕೆಲಸ ಬಿಟ್ಟು ಊರಿಗೇ ಬಂದು ನೆಲೆಸುವುದೆಂದು ತೀರ್ಮಾನವಾಗಿದೆ. ವೀಸಾ ರದ್ದಾಗುವ ಮುಂಚೆ ಮನೆ ಖಾಲಿ ಮಾಡಬೇಕು, ಹೆಂಡತಿ ಮಕ್ಕಳು ಆಗಲೇ ಉಡುಪಿ ಸೇರಿದ್ದಾರೆ. ಸೋಫಾ, ಕಪಾಟು, ವಾಷಿಂಗ್ ಮೆಷಿನ್, ಮಕ್ಕಳ ಸೈಕಲ್, ಗೋಡೆಯಷ್ಟಗಲದ ಟಿವಿ, ಅಡುಗೆಮನೆ ತುಂಬ ಪಾತ್ರೆ. ಮೂರು ಕಾರ್ಗೋದವರನ್ನು ವಿಚಾರಿಸಿದ್ದಾನೆ. ಒಬ್ಬ ಕಿಲೋ ಲೆಕ್ಕ ಹೇಳಿದ, ಇನ್ನೊಬ್ಬ ಘನ ಮೀಟರಿನ ಲೆಕ್ಕ ಹೇಳಿದ, ಮತ್ತೊಬ್ಬ ಮನೆಗೇ ಬಂದು ಕಣ್ಣಳತೆಯಲ್ಲಿ ನೋಡಿ ಒಟ್ಟು ಇಷ್ಟು ಎಂದ. “ಎಂತ ಮಾಡುದು ಮಾವ? ಎಲ್ಲ ಕಳಿಸುದಾ, ಇಲ್ಲೇ ಬಿಟ್ಟು ಬರುದಾ?” ಎಂದು ಕೇಳಿದ.

ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಬಿ.ಕಾಂ. ಮುಗಿಸಿ ತೊಂಬತ್ತರ ದಶಕದ ನಡುವೆ ದುಬೈಗೆ ಹೋದ ನನಗೆ ಮೊದಲು ಸಿಕ್ಕಿದ್ದು ಒಂದು ಕಾರ್ಗೋ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಅವನ ಕರೆ ಮುಗಿದ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ ಅಂಗಡಿ, ಅಲ್ಲಿಗೆ ಸಾಮಾನು ಹೊತ್ತು ಬರುತ್ತಿದ್ದ ಜನ, ಅವರು ಬರೆಸುತ್ತಿದ್ದ ವಿಳಾಸಗಳು ಒಂದೊಂದಾಗಿ ನೆನಪಾದವು.

ಅಂಗಡಿ ಇದ್ದದ್ದು ದೇರಾದಲ್ಲಿ, ನೈಫ್ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ. ಯಜಮಾನರು ಕಾಸರಗೋಡು ಕಡೆಯವರು. ಎಲ್ಲರೂ ಇಕ್ಕ ಎಂದೇ ಕರೆಯುತ್ತಿದ್ದರು. ಮಲಯಾಳ, ತುಳು, ಕನ್ನಡ, ಹಿಂದಿ ನಾಲ್ಕರಲ್ಲೂ ಚೌಕಾಸಿ ಮಾಡಬಲ್ಲವರು. ಪ್ಯಾಕಿಂಗಿಗೆ ಕಾರ್ಕಳ ಕಡೆಯ ಹಿರಿಯರೊಬ್ಬರಿದ್ದರು, ನಮಗೆಲ್ಲ ಅವರು ಅಣ್ಣ. ಪಿಕಪ್ ಓಡಿಸುವವನು ಪೇಶಾವರದ ಪಠಾಣ. ಅಂಗಡಿಯೆಂದರೆ ಒಂದು ಶಟರು, ಒಳಗೆ ಗೋಡೆಗೊರಗಿಸಿ ನಿಲ್ಲಿಸಿದ ಖಾಲಿ ಕಾರ್ಟನ್‌ಗಳು, ನೈಲಾನ್ ಹಗ್ಗದ ಉಂಡೆ, ಅಗಲದ ಟೇಪು, ನಡುವೆ ಕಬ್ಬಿಣದ ದೊಡ್ಡ ತಕ್ಕಡಿ. ಆಗ ಅಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ಗುರುವಾರ ರಾತ್ರಿ ಮತ್ತು ಶುಕ್ರವಾರ ಇಡೀ ದಿನ ನಮಗೆ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಸೋನಾಪುರದ ಲೇಬರ್ ಕ್ಯಾಂಪುಗಳಿಂದ, ಸತ್ವಾ, ಕರಾಮಾದ ಬ್ಯಾಚುಲರ್ ಕೋಣೆಗಳಿಂದ ಜನ ಸಾಮಾನು ಹೊತ್ತು ಬರುತ್ತಿದ್ದರು. ಮೇಸ್ತ್ರಿಗಳು, ಎಲೆಕ್ಟ್ರಿಷಿಯನ್‌ಗಳು, ಹೋಟೆಲಿನವರು, ಅರಬ್ಬಿಗಳ ಮನೆಯಲ್ಲಿ ಡ್ರೈವರ್ ಆಗಿದ್ದವರು. ಭಟ್ಕಳ, ಕುಂದಾಪುರ, ಉಳ್ಳಾಲ, ಪುತ್ತೂರು, ಕಣ್ಣೂರು, ಕೊಲ್ಲಂ, ಕಡಪ. ನಾನು ಕರ್ನಾಟಕದ ಕರಾವಳಿಯ ಊರುಗಳ ಹೆಸರು ಸರಿಯಾಗಿ ಕಲಿತದ್ದು ಆ ಅಂಗಡಿಯಲ್ಲೇ.

ಕಾರ್ಟನ್ ಕಟ್ಟುವುದು ಒಂದು ವಿದ್ಯೆ. ಅಣ್ಣ ಅದನ್ನು ನನಗೆ ಕಲಿಸಿದರು. ತಳಕ್ಕೆ ಮೊದಲು ದಪ್ಪ ಬಟ್ಟೆ ಹಾಸಬೇಕು. ಭಾರದ ಸಾಮಾನು ತಳದಲ್ಲಿ, ಆದರೆ ಮೂಲೆಗಲ್ಲ, ನಡುವಿಗೆ. ಮೂಲೆ ಮೊದಲು ನೆಲಕ್ಕೆ ಬಡಿಯುವ ಜಾಗ. ಪ್ರೆಷರ್ ಕುಕ್ಕರ್ ಖಾಲಿ ಹೋಗಬಾರದು, ಅದರ ಹೊಟ್ಟೆಗೆ ಸಾಕ್ಸು, ಒಳಬಟ್ಟೆ, ಮಕ್ಕಳ ಅಂಗಿ ತುಂಬಬೇಕು. ಖರ್ಜೂರ, ಪಿಸ್ತಾ, ಚಹಾಪುಡಿ ಇರುವ ಪೆಟ್ಟಿಗೆಗೆ ಸಾಬೂನು ಹಾಕಲೇಬಾರದು. ಹಡಗಿನ ಬಿಸಿಗೆ ಸಾಬೂನಿನ ವಾಸನೆ ಎಲ್ಲಕ್ಕೂ ಹತ್ತಿ, ಊರಿನಲ್ಲಿ ಖರ್ಜೂರ ಬಾಯಿಗಿಟ್ಟವರು ಉಗಿಯುತ್ತಾರೆ. ಮಳೆಗಾಲದಲ್ಲಿ ಮುಟ್ಟುವ ಸಾಮಾನಾದರೆ ಒಳಗೆ ಒಂದು ಪ್ಲಾಸ್ಟಿಕ್ ಹಾಳೆ, ಹೊರಗೆ ಇನ್ನೊಂದು. ಎಲ್ಲ ಮುಗಿದ ಮೇಲೆ ಕಾರ್ಟನ್ನಿಗೆ ಗೋಣಿಯಂಥ ಬಟ್ಟೆ ಸುತ್ತಿ, ದಬ್ಬಣಕ್ಕೆ ನೈಲಾನ್ ದಾರ ಪೋಣಿಸಿ ನಾಲ್ಕೂ ಅಂಚು ಹೊಲಿಯುತ್ತಿದ್ದರು. ಹೊಲಿಗೆ ಮುಗಿದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಲುಗಾಡಿಸಿ ಕಿವಿಗೊಡುತ್ತಿದ್ದರು. ಒಳಗೆ ಏನಾದರೂ ಲೊಡಕ್ ಎಂದರೆ ಹೊಲಿಗೆ ಬಿಚ್ಚಿ ಮೊದಲಿಂದ ಶುರು.

ವಿಳಾಸ ಬರೆಯುವುದು ನನ್ನ ಪಾಲಿಗೆ. ಕಪ್ಪು ಮಾರ್ಕರಿನಲ್ಲಿ, ಪೆಟ್ಟಿಗೆಯ ನಾಲ್ಕು ಮೈಗೂ. ಒಂದು ಮೈ ಹರಿದರೆ ಇನ್ನೊಂದಾದರೂ ಉಳಿಯಲಿ ಎಂದು. ಹೆಸರು, ತಂದೆಯ ಹೆಸರು, ಮನೆಯ ಹೆಸರು, ಹತ್ತಿರದ ದೇವಸ್ಥಾನವೋ ಮಸೀದಿಯೋ ಇಗರ್ಜಿಯೋ, ಅಂಚೆ, ತಾಲೂಕು, ಪಿನ್ ಕೋಡು. ಅಕ್ಷರ ಬಾರದ ಕೆಲವರು ಮನೆಯಿಂದ ಬಂದ ಪತ್ರದ ಲಕೋಟೆಯನ್ನು ಜೇಬಿನಿಂದ ತೆಗೆದು ನನ್ನ ಮುಂದಿಡುತ್ತಿದ್ದರು. ಬರೆದಾದ ಮೇಲೆ ಆ ಅಕ್ಷರಗಳ ಮೇಲೆ ಬೆರಳಾಡಿಸಿ, “ಸರಿಯಾಗಿ ಹೋಗ್ತದಲ್ಲ?” ಎಂದು ಕೇಳುತ್ತಿದ್ದರು.

ಹೋಗುತ್ತಿತ್ತು. ವಿಮಾನದಲ್ಲಾದರೆ ಹತ್ತು ಹದಿನೈದು ದಿನ, ಹಡಗಿನಲ್ಲಾದರೆ ಒಂದೂವರೆ ಎರಡು ತಿಂಗಳು. ದುಬೈಯಿಂದ ಬೊಂಬಾಯಿಗೆ ಹಡಗು ಓಡುವುದು ಕೆಲವೇ ದಿನ. ಉಳಿದ ಕಾಲವೆಲ್ಲ ಹೋಗುತ್ತಿದ್ದದ್ದು ಕಾಯುವುದರಲ್ಲಿ. ನೂರಾರು ಜನರ ಪೆಟ್ಟಿಗೆ ಸೇರಿ ಒಂದು ಕಂಟೇನರ್ ತುಂಬಬೇಕು, ಅಲ್ಲಿ ಕಸ್ಟಮ್ಸ್ ಬಿಡಿಸಬೇಕು, ಆಮೇಲೆ ಲಾರಿಯಲ್ಲಿ ಮಂಗಳೂರು, ಅಲ್ಲಿಂದ ಏಜೆಂಟರ ಟೆಂಪೋದಲ್ಲಿ ಮನೆ ಬಾಗಿಲು. ಹಡಗಿನ ದರ ಕಿಲೋಗೆ ಕೆಲವು ದಿರ್ಹಮ್, ವಿಮಾನದ್ದು ಅದರ ಎರಡು ಮೂರು ಪಟ್ಟು. ಬಹುತೇಕರು ಹಡಗನ್ನೇ ಆರಿಸುತ್ತಿದ್ದರು. ವರ್ಷಗಟ್ಟಲೆ ಕಾದ ಮನೆಗೆ ಎರಡು ತಿಂಗಳು ಹೆಚ್ಚಲ್ಲ ಎನ್ನುತ್ತಿದ್ದರು.

ಆ ಪೆಟ್ಟಿಗೆ ಊರಿನ ಕಡೆ ಹೇಗೆ ತೆರೆಯುತ್ತದೆ ಎಂಬುದು ನನಗೆ ಬಾಲ್ಯದಿಂದಲೇ ಗೊತ್ತಿತ್ತು. ನಮ್ಮ ನೆರೆಮನೆಯ ಯಜಮಾನರು ಕುವೈತಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಬೊಂಬಾಯಿಯಲ್ಲಿ ಇಳಿದು, ಒಂದು ರಾತ್ರಿ ಒಂದು ಹಗಲು ಬಸ್ಸಿನಲ್ಲಿ ಕೂತು, ಮಾಡಿನ ಮೇಲೆ ಕಟ್ಟಿದ ಪೆಟ್ಟಿಗೆಗಳೊಂದಿಗೆ ಹೆದ್ದಾರಿಯ ಬದಿಗೆ ಇಳಿಯುತ್ತಿದ್ದರು. ಪೆಟ್ಟಿಗೆ ಒಡೆಯುವ ಸಂಜೆ ಅವರ ಚಾವಡಿಯಲ್ಲಿ ಅರ್ಧ ಊರು ಸೇರುತ್ತಿತ್ತು. ಟೂ-ಇನ್-ವನ್, ನಿಡೋ ಹಾಲಿನ ಪುಡಿಯ ಡಬ್ಬ, ಟ್ಯಾಂಗ್, ಟೈಗರ್ ಬಾಮ್, ಯಾರ್ಡ್ಲಿ ಪೌಡರ್, ಹುಲಿಯ ಚಿತ್ರದ ಕಂಬಳಿ. ನಮ್ಮ ಕರಾವಳಿಯ ಸೆಕೆಗೆ ಆ ಕಂಬಳಿ ಯಾರೂ ಹೊದೆಯುವಂತಿರಲಿಲ್ಲ. ಆದರೂ ಪ್ರತಿ ಮನೆಯ ಕಪಾಟಿನಲ್ಲಿ ಒಂದು ಇರಲೇಬೇಕಿತ್ತು. ಯಾರಿಗೆ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಲೆಕ್ಕ ಮರುದಿನ ಬಾವಿಕಟ್ಟೆಯಲ್ಲಿ ನಡೆಯುತ್ತಿತ್ತು.

1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದರು. ನಮ್ಮ ನೆರೆಮನೆಯವರು ಬಸ್ಸಿನಲ್ಲಿ ಮರಳುಗಾಡು ದಾಟಿ, ಗಡಿಯ ಡೇರೆಗಳಲ್ಲಿ ದಿನ ಕಳೆದು, ಒಂದು ಭುಜದ ಚೀಲದೊಂದಿಗೆ ಮನೆ ಸೇರಿದರು. ಚೀಲದಲ್ಲಿ ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಬ್ಯಾಂಕಿನ ಪಾಸ್‌ಬುಕ್ಕು. ಮನೆ ತುಂಬ ಸಾಮಾನು, ಎರಡು ತಿಂಗಳ ಸಂಬಳ, ಹೊಸದಾಗಿ ಕೊಂಡ ಕಾರು ಎಲ್ಲ ಅಲ್ಲೇ ಉಳಿಯಿತು. ಜೀವ ಉಳಿಸಿಕೊಂಡು ಬಂದವರನ್ನು ನೋಡಲು ಊರಿನವರು ಬಂದರು, ನಿಜ. ಆದರೆ ಹಿಂದಿನ ಸಲ ಪೆಟ್ಟಿಗೆ ಒಡೆಯುವಾಗ ಬಂದಷ್ಟು ಜನ ಬರಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ. ಆ ವ್ಯತ್ಯಾಸವನ್ನು ಕಣ್ಣಾರೆ ಕಂಡೆ, ಈಗಲೂ ಮರೆತಿಲ್ಲ.

ದುಬೈಯ ಅಂಗಡಿಯಲ್ಲಿ ನನಗೆ ಈ ಪೆಟ್ಟಿಗೆಯ ಆಸೆಯ ಇನ್ನೊಂದು ಮುಖ ಕಂಡಿತು. ಜನ ಮನೆಯಿಂದ ಬಂದ ಪಟ್ಟಿ ಹಿಡಿದು ಬರುತ್ತಿದ್ದರು. ಭಾವನಿಗೆ ಟಾರ್ಚು, ಅತ್ತಿಗೆಗೆ ಸೀರೆ, ಮದುಮಗಳಿಗೆ ಮಿಕ್ಸಿ, ಮೇಷ್ಟರಿಗೆ ಪೆನ್ನು, ಪಂಚಾಯತಿಯ ಯಾರಿಗೋ ಸೆಂಟು. ತಿಂಗಳಿಗೆ ಆರುನೂರು ಏಳುನೂರು ದಿರ್ಹಮ್ ದುಡಿಯುವ ಮನುಷ್ಯ ಸಾಲ ಮಾಡಿ ಸಾಮಾನು ಕೊಂಡು, ಸಾಗಿಸುವ ದುಡ್ಡು ಸಾಲದೆ ತಕ್ಕಡಿಯ ಮುಂದೆ ನಿಂತು ಒಂದೊಂದೇ ವಸ್ತು ಹೊರಗೆ ತೆಗೆಯುತ್ತಿದ್ದ. ಯಾವುದನ್ನು ತೆಗೆಯುವುದು ಎಂದು ಯೋಚಿಸುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ತನಗಾಗಿ ಇಟ್ಟುಕೊಂಡಿದ್ದ ಶೂ, ಅಂಗಿಬಟ್ಟೆ ಮೊದಲು ಹೊರಬರುತ್ತಿದ್ದವು. ಅತ್ತಿಗೆಯ ಸೀರೆ ಎಂದೂ ಹೊರಬಂದದ್ದಿಲ್ಲ.

1996ರಲ್ಲಿ ಯುಎಇ ಸರ್ಕಾರ ಕ್ಷಮಾದಾನ ಘೋಷಿಸಿತು. ಸರಿಯಾದ ವೀಸಾ ಇಲ್ಲದವರು ದಂಡವಿಲ್ಲದೆ ದೇಶ ಬಿಡಬಹುದು, ಗಡುವಿನೊಳಗೆ ಹೋಗದಿದ್ದರೆ ಜೈಲು. ಲಕ್ಷಕ್ಕೂ ಮೀರಿ ಜನ ಹೊರಟರು. ಆ ತಿಂಗಳುಗಳಲ್ಲಿ ನಮ್ಮ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿಕೆಟಿಗೇ ದುಡ್ಡಿಲ್ಲದವರು ಕಾರ್ಗೋಗೆ ಎಲ್ಲಿಂದ ತರಬೇಕು? ಒಂದೇ ಊರಿನ ನಾಲ್ಕೈದು ಜನ ಸೇರಿ ಒಂದು ಕಾರ್ಟನ್ ಮಾಡುತ್ತಿದ್ದರು. ಒಬ್ಬನ ಹೆಸರಿನಲ್ಲಿ ಪೆಟ್ಟಿಗೆ, ಒಳಗೆ ಪ್ರತಿಯೊಬ್ಬನದೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಹೆಸರು. ಕನಿಷ್ಠ ಇಷ್ಟು ಕಿಲೋ ಎಂಬ ನಿಯಮ ಎಲ್ಲ ಅಂಗಡಿಗಳಲ್ಲೂ ಇತ್ತು. ಐದು ಕಿಲೋ ಕಳಿಸಿದರೂ ಇಪ್ಪತ್ತರ ದುಡ್ಡು ಕೊಡಬೇಕು. ಹಂಚಿಕೊಂಡರೆ ಆ ಹೊರೆ ಇಳಿಯುತ್ತದೆ. ಆ ಉಪಾಯವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬಡತನವೇ ಕಲಿಸಿತ್ತು.

ದುಬೈ ಕ್ರೀಕಿನ ದಡಕ್ಕೆ ಹೋದರೆ ಸರಕಿನ ಬೇರೆಯೇ ಪ್ರಪಂಚ. ನಮ್ಮ ಮಂಗಳೂರಿನ ಹಳೆ ಬಂದರಿನ ಮಂಜಿಗಳನ್ನು ನೋಡಿ ಬೆಳೆದವನಿಗೆ ಅಲ್ಲಿನ ಮರದ ಹಡಗುಗಳು ಮನೆಯವರಂತೆ ಕಾಣುತ್ತಿದ್ದವು. ಫ್ರಿಜ್ಜು, ಟೈರು, ಅಕ್ಕಿಮೂಟೆ ಎಲ್ಲ ದಡದ ಮೇಲೇ ರಾಶಿ ಬಿದ್ದಿರುತ್ತಿದ್ದವು. ಇರಾನಿಗೆ, ಸೊಮಾಲಿಯಾಕ್ಕೆ ಹೋಗುವ ಸರಕು. ಗುಜರಾತಿನ ಖಲಾಸಿಗಳು ಅಲ್ಲಿ ಸಿಗುತ್ತಿದ್ದರು. ಮನೆಗೆ ಹೋಗುವ ಸಾಮಾನನ್ನು ಜತನ ಮಾಡಿ ಹೊಲಿಯುವ ನಮಗೆ, ಅಷ್ಟು ದೊಡ್ಡ ವ್ಯಾಪಾರ ಬಟಾಬಯಲಿನಲ್ಲಿ ನಿಂತಿರುವುದು ಆಶ್ಚರ್ಯವಾಗುತ್ತಿತ್ತು.

ನಾನು ಬಿಲ್ ಬರೆದ ಸಾಮಾನುಗಳಲ್ಲಿ ಅತಿ ಸಾರ್ಥಕವಾಗಿ ಊರು ಸೇರಿದ್ದು ಯಾವುದೆಂದು ಯೋಚಿಸಿದರೆ ಒಬ್ಬ ಟೇಲರ್ ನೆನಪಾಗುತ್ತಾರೆ. ಬೈಂದೂರು ಕಡೆಯವರು, ಸತ್ವಾದ ಹೊಲಿಗೆ ಅಂಗಡಿಯೊಂದರಲ್ಲಿ ಬಹುಕಾಲ ದುಡಿದವರು. ಅಂಗಡಿ ಮುಚ್ಚಿದಾಗ ಬಾಕಿ ಸಂಬಳದ ಬದಲು ಯಜಮಾನ ಅವರಿಗೆ ಒಂದು ಜೂಕಿ ಮೆಷಿನ್ ಕೊಟ್ಟಿದ್ದ. ಅವರು ಪೆಟ್ಟಿಗೆಗೆ ತಂದದ್ದು ಆ ಮೆಷಿನ್, ಕತ್ತರಿಗಳು, ಅಳತೆಯ ಪುಸ್ತಕ, ಬಟನ್ನುಗಳ ಡಬ್ಬ, ಅಷ್ಟೇ. ಪಕ್ಕದಲ್ಲಿ ನಿಂತವರು “ಮಕ್ಕಳಿಗೆ ಏನೂ ಇಲ್ವಾ ಮಾರಾಯ್ರೆ?” ಎಂದು ಕೇಳಿದರು. “ಇದೇ ಮಕ್ಕಳಿಗೆ,” ಎಂದರು ಅವರು. ಅಣ್ಣ ಆ ಮೆಷಿನ್ನಿನ ತಲೆಯನ್ನು ಮೇಜಿನಿಂದ ಬಿಚ್ಚಿ, ಸೂಜಿಪಟ್ಟಿ ತೆಗೆದು ಬೇರೆ ಕಟ್ಟಿ, ಎಣ್ಣೆಯನ್ನೆಲ್ಲ ಬಸಿದು, ಹಳೆಯ ಕಂಬಳಿಯಲ್ಲಿ ಸುತ್ತಿ ಎರಡು ಕಾರ್ಟನ್ ಒಂದರೊಳಗೊಂದು ಹಾಕಿ ಕಟ್ಟಿದರು. ಮೋಟಾರಿಗೆ ತೊಂದರೆಯಿರಲಿಲ್ಲ. ದುಬೈಯ ವಿದ್ಯುತ್ತು ನಮ್ಮದರಂತೆಯೇ 220 ವೋಲ್ಟಿನ ಆಸುಪಾಸು, 50 ಹರ್ಟ್ಸ್. ಸೌದಿಯ ಎಷ್ಟೋ ಕಡೆ ಆಗ ಇದ್ದದ್ದು 127 ವೋಲ್ಟು. ಅಲ್ಲಿಂದ ತಂದ ಮಿಕ್ಸಿಗಳು ನಮ್ಮೂರಿನ ಪ್ಲಗ್ಗಿಗೆ ಸಿಕ್ಕಿಸಿದ ಕೂಡಲೇ ಸುಟ್ಟುಹೋದದ್ದನ್ನು ಊರಿನವರೆಲ್ಲ ಕಂಡಿದ್ದಾರೆ. ಆ ಟೇಲರ್ ಊರಿನಲ್ಲಿ ಅಂಗಡಿ ಹಾಕಿದರು. ನಾನು ರಜೆಯಲ್ಲಿ ಬಂದಾಗ ಅವರ ಬಳಿಯೇ ಪ್ಯಾಂಟು ಹೊಲಿಸಿಕೊಂಡೆ.

ಇನ್ನೊಂದು ಪೆಟ್ಟಿಗೆಯ ವಿಷಯವನ್ನೂ ಹೇಳಬೇಕು. ಒಂದು ಶುಕ್ರವಾರ ಬೆಳಿಗ್ಗೆ ಒಂದೇ ಕೋಣೆಯ ಆರೇಳು ಜನ ಒಟ್ಟಿಗೆ ಬಂದರು. ಅವರ ಜೊತೆಗಿದ್ದ ಹುಡುಗನೊಬ್ಬ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡಿದ್ದ. ಶವ ಆಗಲೇ ಊರಿಗೆ ಹೋಗಿತ್ತು, ಉಳಿದದ್ದು ಅವನ ಸಾಮಾನು. ಮಡಚಿದ ಅಂಗಿಗಳು, ಒಂದು ರೇಡಿಯೊ, ಕ್ಯಾಸೆಟ್ಟುಗಳು, ಮದುವೆಗಿದ್ದ ತಂಗಿಗೆಂದು ಕೊಂಡಿಟ್ಟ ಗಡಿಯಾರ, ಅರ್ಧ ಬರೆದ ಒಂದು ಪತ್ರ. ಪತ್ರ ಹಾಕುವುದೋ ಬೇಡವೋ ಎಂದು ಅವರಲ್ಲೇ ಚರ್ಚೆಯಾಯಿತು. ಕೊನೆಗೆ ಹಾಕಿದರು. ಇಕ್ಕ ತಕ್ಕಡಿಯ ಬಳಿ ಬಂದು, “ಇದನ್ನು ತೂಗಬೇಡ,” ಎಂದರು. ಬಿಲ್ಲಿನಲ್ಲಿ ದುಡ್ಡಿನ ಜಾಗ ಖಾಲಿ ಬಿಟ್ಟು ಸಹಿ ಹಾಕಿಸಿಕೊಂಡೆ.

ಆದರೆ ಆ ಹುಡುಗನ ಶವವನ್ನು ಮಾತ್ರ ತೂಗಿದ್ದರು. ಆಗ ವಿಮಾನದಲ್ಲಿ ಹೋಗುವ ಶವಕ್ಕೆ ಪೆಟ್ಟಿಗೆ ಸಹಿತ ತೂಕ ಹಾಕಿ ಕಿಲೋ ಲೆಕ್ಕದಲ್ಲೇ ದರ ಕಟ್ಟುತ್ತಿದ್ದರು. ಯುಎಇಯ ಭಾರತೀಯ ಸಂಘಟನೆಗಳು ವರ್ಷಗಟ್ಟಲೆ ಇದರ ವಿರುದ್ಧ ಮನವಿ ಕೊಟ್ಟವು. 2019ರಲ್ಲಿ ಕೊನೆಗೂ, ಆಗ ಸರ್ಕಾರದ್ದಾಗಿದ್ದ ಏರ್ ಇಂಡಿಯಾ ತೂಗುವುದನ್ನು ಬಿಟ್ಟು, ದೊಡ್ಡವರಿಗೆ 1,500 ದಿರ್ಹಮ್, 12 ವರ್ಷದೊಳಗಿನ ಮಕ್ಕಳಿಗೆ 750 ದಿರ್ಹಮ್ ಎಂದು ಒಂದೇ ದರ ಮಾಡಿತು. ದುಡಿದು ಸತ್ತವನನ್ನು ಸರಕಿನಂತೆ ತಕ್ಕಡಿಗಿಟ್ಟ ಆ ಎಲ್ಲ ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ವ್ಯಾಪಾರದಲ್ಲಿ ಎಲ್ಲವೂ ಒಳ್ಳೆಯದಿತ್ತೆಂದು ಹೇಳಲಾರೆ. ಪ್ಯಾಕಿಂಗ್ ಲಿಸ್ಟಿನಲ್ಲಿ ‘ಉಪಯೋಗಿಸಿದ ಬಟ್ಟೆ, ಗೃಹೋಪಯೋಗಿ ವಸ್ತು’ ಎಂದು ಬರೆದು ಹೊಸ ಸಾಮಾನು ತುಂಬುವುದು ಆ ಬೀದಿಯ ರೂಢಿಯಾಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಕೆಲವು ಕಡೆ ಬಡ ಕೆಲಸಗಾರರ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡು ಅವರ ಹೆಸರಿನಲ್ಲಿ ವ್ಯಾಪಾರದ ಮಾಲು ಸಾಗಿಸುತ್ತಿದ್ದರು. ಆ ಮನುಷ್ಯನಿಗೆ ಅದರ ಸುಳಿವೂ ಇರುತ್ತಿರಲಿಲ್ಲ. ಸಿಕ್ಕಿಬಿದ್ದಾಗ ಕಸ್ಟಮ್ಸಿನ ಕಾಗದ ಅವನ ಊರಿನ ಮನೆಗೆ ಬರುತ್ತಿತ್ತು. ಹೀಗೆ ಕೆಲವರು ಮಾಡಿದ ಮೋಸದಿಂದ, ಕೈಯಲ್ಲಿ ಒಂದು ಟ್ರಾನ್ಸಿಸ್ಟರ್ ಹಿಡಿದು ಇಳಿದ ಪ್ರತಿ ಗಲ್ಫ್ ಕೆಲಸಗಾರನನ್ನೂ ವಿಮಾನ ನಿಲ್ದಾಣದಲ್ಲಿ ಕಳ್ಳಸಾಗಣೆದಾರನಂತೆ ನೋಡುವಂತಾಯಿತು. ದೇಶಕ್ಕೆ ವಿದೇಶಿ ಹಣ ತಂದವರು ಅವರು. ಅವರಿಗೆ ಸಿಗಬೇಕಾದ ಮರ್ಯಾದೆ ಅದಾಗಿರಲಿಲ್ಲ.

ಕಾಲ ಬದಲಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಬೊಂಬಾಯಿಯ ಬಸ್ಸಿನ ಮಾಡಿನ ಮೇಲೆ ಪೆಟ್ಟಿಗೆ ಕಟ್ಟುವುದು ಕಡಿಮೆಯಾಯಿತು. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂತು. ನಾಲ್ಕು ಗಂಟೆಯೊಳಗೆ ಊರು. ಅಷ್ಟು ಹೊತ್ತಿಗೆ ಉಡುಪಿ, ಮಂಗಳೂರಿನ ಅಂಗಡಿಗಳಲ್ಲಿ ಸಿಗದ ವಸ್ತುವೇ ಇರಲಿಲ್ಲ. ಅಲ್ಲಿಂದ ಹೊತ್ತು ತಂದ ಮಿಕ್ಸಿ ಕೆಟ್ಟರೆ ರಿಪೇರಿಗೆ ಬಿಡಿಭಾಗ ಇಲ್ಲ, ಇಲ್ಲಿ ಕೊಂಡದ್ದಕ್ಕೆ ಗ್ಯಾರಂಟಿ ಕಾರ್ಡು ಇದೆ. 2013ರ ಆಗಸ್ಟಿನಲ್ಲಿ ಫ್ಲ್ಯಾಟ್ ಟಿವಿಗಳಿಗೆ ಸುಂಕದ ವಿನಾಯಿತಿ ತೆಗೆದರು. 2017ರಲ್ಲಿ ಜಿಎಸ್‌ಟಿ ಬರುವಾಗ ಉಡುಗೊರೆ ಪಾರ್ಸೆಲ್ಲುಗಳಿಗೆ 20,000 ರೂಪಾಯಿವರೆಗಿದ್ದ ವಿನಾಯಿತಿಯೂ ಹೋಯಿತು. ಮನೆ ಬಾಗಿಲಿಗೆ ಮುಟ್ಟಿಸುವ ಕಾರ್ಗೋ ವ್ಯಾಪಾರ ಆ ಪೆಟ್ಟಿನಿಂದ ತತ್ತರಿಸಿತು. 2020ರ ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡು ವಂದೇ ಭಾರತ್ ವಿಮಾನಗಳಲ್ಲಿ ಬಂದವರು ಎಷ್ಟೋ ಮಂದಿ ಸಾಮಾನನ್ನು ಗೆಳೆಯರ ಕೋಣೆಯಲ್ಲಿ ಬಿಟ್ಟು ಬಂದರು. ಅದರಲ್ಲಿ ಅನೇಕರ ಸಾಮಾನು ಆಮೇಲೆ ಬರಲೇ ಇಲ್ಲ. ಹೆಚ್ಚಿನವರಿಗೆ ಅದರ ಕೊರತೆ ಕಾಡಲೂ ಇಲ್ಲ.

ಇದನ್ನೆಲ್ಲ ಕಂಡವನಾಗಿ ನನ್ನ ಸೋದರಳಿಯನಿಗೆ ಮರುದಿನ ಕೂತು ವಿವರವಾಗಿ ಹೇಳಿದೆ. ಊರಿಗೆ ಮರಳುವ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿಯೂ ಬರೆಯುತ್ತೇನೆ.

ಮೊದಲು ದರದ ಲೆಕ್ಕ. ವಿಮಾನದ ಕಾರ್ಗೋದಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಬಂದದ್ದು ಮತ್ತು ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಮೂರೂ ಕಡೆ 60 ಸೆಂಟಿಮೀಟರ್ ಇರುವ ಪೆಟ್ಟಿಗೆಗೆ 36 ಕಿಲೋ ಲೆಕ್ಕ. ಒಳಗೆ ಹತ್ತು ಕಿಲೋ ದಿಂಬು, ಕಂಬಳಿ ಇದ್ದರೂ 36ರದ್ದೇ ಬಿಲ್ಲು. ಹಾಗಾಗಿ ಹಗುರವಾಗಿ ಉಬ್ಬುವ ವಸ್ತುಗಳನ್ನು ವಿಮಾನಕ್ಕೆ ಹಾಕಬಾರದು. ಹಡಗಿನಲ್ಲಿ ಕಂಟೇನರಿನ ಪಾಲು ತೆಗೆದುಕೊಂಡರೆ ಘನ ಮೀಟರಿನ ಲೆಕ್ಕ. ಪುಸ್ತಕ, ಪಾತ್ರೆ, ಉಪಕರಣದಂಥ ಭಾರದ ಸಾಮಾನಿಗೆ ಅದು ಅಗ್ಗ. ಆದರೆ ದುಬೈಯಲ್ಲಿ ಹೇಳುವ ದರ ಅರ್ಧ ಮಾತ್ರ. ಇಲ್ಲಿನ ಬಂದರಿನ ಶುಲ್ಕ, ಕಸ್ಟಮ್ಸ್ ಏಜೆಂಟರ ಶುಲ್ಕ, ಮನೆವರೆಗಿನ ಲಾರಿ ಬಾಡಿಗೆ ಯಾರದ್ದು ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಅಗ್ಗದ ರೇಟು ಹೇಳಿದವರ ಬಿಲ್ಲು ಊರಿನಲ್ಲಿ ದುಪ್ಪಟ್ಟಾಗುವುದು ಇಲ್ಲೇ.

ಎರಡನೆಯದು ಸುಂಕ. 2016ರ ಬ್ಯಾಗೇಜ್ ನಿಯಮಗಳು, ಎರಡು ವರ್ಷ ಅಥವಾ ಹೆಚ್ಚು ಕಾಲ ಹೊರದೇಶದಲ್ಲಿದ್ದು ನೆಲೆಸಲು ಮರಳುವವರಿಗೆ ಷರತ್ತುಗಳೊಂದಿಗೆ 5 ಲಕ್ಷ ರೂಪಾಯಿವರೆಗಿನ ಬಳಸಿದ ಗೃಹೋಪಯೋಗಿ ಸಾಮಾನನ್ನು ಸುಂಕವಿಲ್ಲದೆ ತರಲು ಅವಕಾಶ ಕೊಟ್ಟವು. ಹಿಂದಿನಿಂದ ಬರುವ ಸಾಮಾನು, ಪ್ರಯಾಣಿಕ ಊರು ಮುಟ್ಟಿದ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕೆಂದೂ ಹೇಳಿದವು. ಈ ಮಿತಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಟಿಕೆಟ್ ಮಾಡುವ ವಾರ ಹೊಸ ನಿಯಮವನ್ನು ಕಸ್ಟಮ್ಸ್ ಇಲಾಖೆಯಿಂದಲೇ ತಿಳಿದುಕೊಳ್ಳಬೇಕು, ಏಜೆಂಟನ ಬಾಯಿಮಾತು ಸಾಲದು. ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಪಾಸ್‌ಪೋರ್ಟಿನ ಪ್ರತಿ ಕೊಡುವಾಗ ಅದರ ಮೇಲೆ ತಾರೀಕು ಹಾಕಿ, ಯಾವ ಕೆಲಸಕ್ಕೆ ಎಂದು ಬರೆದು ಸಹಿ ಮಾಡಬೇಕು. ಬೇರೆಯವರ ಪೊಟ್ಟಣವನ್ನು, ಅವರು ಎಷ್ಟೇ ಬೇಕಾದವರಿರಲಿ, ಒಳಗೇನಿದೆ ಎಂದು ನೋಡದೆ ಸೇರಿಸಿಕೊಳ್ಳಬಾರದು.

ಮೂರನೆಯದು ಆಯ್ಕೆ. ಸೋಫಾ, ಕಪಾಟು, ವಾಷಿಂಗ್ ಮೆಷಿನ್, ಟಿವಿ ಅಲ್ಲೇ ಮಾರುವುದು, ಮಾರಾಟವಾಗದಿದ್ದರೆ ಹೊಸದಾಗಿ ಬಂದ ಬಡ ಸಂಸಾರಕ್ಕೆ ಕೊಡುವುದು. ಸರ್ಟಿಫಿಕೇಟುಗಳು, ಮಕ್ಕಳ ಶಾಲೆಯ ಟಿಸಿ, ಬ್ಯಾಂಕಿನ ಕಾಗದ, ಒಡವೆ, ಔಷಧ ಎಂದೂ ಕಾರ್ಗೋಗಲ್ಲ, ಕೈಚೀಲಕ್ಕೆ. ಹಡಗಿಗೆ ಹಾಕುವುದು ಮೂರು ಬಗೆ ಮಾತ್ರ: ದುಡಿಮೆಗೆ ಬೇಕಾದ ಉಪಕರಣ, ಮತ್ತೆ ಓದುವ ಪುಸ್ತಕ, ನಿತ್ಯ ಕೈಯಾಡಿಸಿದ ಅಡುಗೆ ಪಾತ್ರೆ. ನನ್ನ ಸೋದರಳಿಯ ಕೊನೆಗೆ ಟಿವಿ ಮಾರಿದ, ತನ್ನ ಎಲೆಕ್ಟ್ರಿಕಲ್ ಟೂಲ್ಸ್ ಪೆಟ್ಟಿಗೆಗೆ ಹಾಕಿದ. ಮಕ್ಕಳ ಸೈಕಲನ್ನು ಪಕ್ಕದ ಫ್ಲ್ಯಾಟಿನ ನೇಪಾಳಿ ಸಂಸಾರಕ್ಕೆ ಕೊಟ್ಟ.

ಸಾಮಾನು ಅಗ್ಗವಾಗಿ ಊರು ಮುಟ್ಟಿಸುವ ದಾರಿ ಇಷ್ಟೇ. ಆದರೆ ದೊಡ್ಡ ಖರ್ಚು ಕಾರ್ಗೋದ್ದಾಗಿರಲಿಲ್ಲ ಎಂದು ಅಂಗಡಿಯಲ್ಲಿ ನಿಂತು ನೋಡಿದವನು ಹೇಳಬಲ್ಲೆ. ಮನೆಯವರ ಪಟ್ಟಿ, ಊರಿನವರ ಕಣ್ಣು, ಬರಿಗೈಲಿ ಹೋದರೆ ಏನಂದುಕೊಂಡಾರು ಎಂಬ ಭಯ, ಇವುಗಳಿಗೆ ಒಂದು ತಲೆಮಾರು ತನ್ನ ಉಳಿತಾಯ ಸುರಿಯಿತು. ಆ ಸಾಮಾನಿನಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ. ಟ್ಯಾಂಗ್ ಡಬ್ಬ ಬಂದ ದಿನ ನಾವು ಮಕ್ಕಳು ಪಟ್ಟ ಸಂತೋಷ ನಿಜವಾದದ್ದೇ. ಆದರೆ ಪೆಟ್ಟಿಗೆಯ ಗಾತ್ರದಿಂದ ಮನುಷ್ಯನನ್ನು ಅಳೆದದ್ದು ನಮ್ಮ ಕರಾವಳಿ ಮಾಡಿದ ಅನ್ಯಾಯ. ಅದನ್ನು ನಾವು ಒಪ್ಪಿಕೊಳ್ಳಬೇಕು.

ಈಗಲೂ ಗಲ್ಫಿನಿಂದ, ಬೇರೆ ದೇಶಗಳಿಂದ ಕೆಲಸ ಮುಗಿಸಿ ಅಥವಾ ಕಳೆದುಕೊಂಡು ಜನ ಮರಳುತ್ತಲೇ ಇದ್ದಾರೆ. ನಿಮ್ಮ ಮನೆಗೂ ಒಬ್ಬರು ಬರಬಹುದು. ಅವರಿಗೆ ಪಟ್ಟಿ ಕಳಿಸಬೇಡಿ. ಏನು ತಂದಿರಿ ಎಂದು ಕೇಳಬೇಡಿ. ಇನ್ನು ಮುಂದೆ ಇಲ್ಲಿ ಏನು ಕೆಲಸ ಮಾಡಬೇಕೆಂದಿದ್ದೀರಿ, ಅದಕ್ಕೆ ನಮ್ಮಿಂದ ಏನಾಗಬೇಕು ಎಂದು ಕೇಳಿ.